ಬಟ್ಟೆ ನಮ್ಮದು, ಲೋಗೋ ಅವರದು: ಹಳೇ ಬ್ರ್ಯಾಂಡ್ ಬಟ್ಟೆಯಿಂದ ಹೊಸದು ಮಾಡಿ ಮಾರುವವರಿಗೆ ಒಂದು ಹೋಲಿಕೆ

ಕಳೆದ ಬೇಸಿಗೆ ರಜೆಗೆ ನ್ಯೂಜೆರ್ಸಿಯಿಂದ ಬಂದ ನಾದಿನಿ ನಮ್ಮ ಮೈಸೂರು ಮನೆಯ ಹಾಲ್‌ನಲ್ಲಿ ಒಂದು ಸೂಟ್‌ಕೇಸ್ ತೆರೆದಳು. ಚಾಕೊಲೇಟ್ ಅಂದುಕೊಂಡು ಓಡಿ ಬಂದ ಮಕ್ಕಳು ಮುಖ ಸಣ್ಣ ಮಾಡಿಕೊಂಡು ವಾಪಸ್ ಹೋದರು. ಇದ್ದದ್ದೆಲ್ಲ ಹಳೇ ಸಾಮಾನು. ಮೂಲೆ ಸವೆದ ಲೂಯಿ ವಿಟಾನ್ ಚೀಲ ಒಂದು, ತೋಳು ಹರಿದ ಶನೆಲ್ ಜಾಕೆಟ್ ಒಂದು, ಲೀವೈಸ್ ಜೀನ್ಸ್ ಆರು. ಎಲ್ಲಕ್ಕಿಂತ ಕೆಳಗೆ, ಇಲ್ಲಿಂದಲೇ ಹೋಗಿ ವಾಪಸ್ ಬಂದ ನಮ್ಮತ್ತೆಯ ಮೈಸೂರು ರೇಷ್ಮೆ ಸೀರೆ. ಮಡಿಕೆಯ ಗೆರೆಯಲ್ಲಿ ಸೀಳಿಹೋಗಿತ್ತು.

"ಅತ್ತಿಗೆ, ನೀವು ಹೊಲೀರಿ. ನಾನು ಅಲ್ಲಿ ಆನ್‌ಲೈನಲ್ಲಿ ಮಾರ್ತೀನಿ. ದುಡ್ಡು ಕೊಟ್ಟು ತಗೊಂಡಿದ್ದೇ ಅಲ್ವಾ, ಯಾರು ಏನು ಕೇಳ್ತಾರೆ?" ಅಂದಳು.

ಕೇಳುವವರಿದ್ದಾರೆ. ನನ್ನನ್ನೇ ಒಮ್ಮೆ ಕೇಳಿದ್ದರು. ಜೀನ್ಸ್ ಜೇಬಿನಿಂದ ಮಾಡಿದ ಏಳು ಪೌಚ್‌ಗಳನ್ನು ಒಂದು ಆನ್‌ಲೈನ್ ಅಂಗಡಿಯಲ್ಲಿ ಹಾಕಿದ್ದೆ. ಹೆಸರಿನ ಜಾಗದಲ್ಲಿ ಮೊದಲ ಪದವೇ ಜೀನ್ಸ್ ಕಂಪನಿಯದು, ಆಮೇಲೆ 'ಪೌಚ್'. ಹೀಗೆ ಬರೆದರೆ ಹುಡುಕುವವರಿಗೆ ಬೇಗ ಸಿಗುತ್ತದೆ ಅನ್ನುವುದು ನನ್ನ ಜಾಣತನ. ಹನ್ನೊಂದನೇ ದಿನ ಏಳೂ ಪುಟ ಮಾಯ. ಬೇರೆಯವರ ಟ್ರೇಡ್‌ಮಾರ್ಕ್ ಬಳಸಿದ್ದೀರಿ, ಮತ್ತೆ ಮಾಡಿದರೆ ಖಾತೆ ಬಂದ್ ಅಂತ ಮೂರು ಸಾಲಿನ ಮೇಲ್. ಯಾರಿಗೆ ಬರೆದರೂ ಉತ್ತರವಿಲ್ಲ. ಆವತ್ತಿನಿಂದ ಹೊಲಿಗೆಯ ಜೊತೆ ಸೆಕ್ಷನ್‌ಗಳನ್ನೂ ಓದಲು ಶುರು ಮಾಡಿದೆ. ನಾನು ವಕೀಲೆ ಅಲ್ಲ, ಹೊಲಿಗೆಯವಳು. ನಿಮಗೆ ನೋಟಿಸ್ ಬಂದಿದ್ದರೆ ಇದನ್ನು ಓದುತ್ತಾ ಕೂರಬೇಡಿ, ವಕೀಲರ ಹತ್ತಿರ ಹೋಗಿ. ಇನ್ನೂ ಕತ್ತರಿ ಕೈಯಲ್ಲೇ ಇದೆ, ಯಾವ ದಾರಿ ಹಿಡಿಯಲಿ ಅಂತ ಯೋಚಿಸುತ್ತಿದ್ದೀರಿ ಅಂದರೆ ಮುಂದೆ ಓದಿ.

ಕತ್ತರಿ ಹಾಕುವ ಮೊದಲು

ಟ್ರೇಡ್‌ಮಾರ್ಕ್ ಅಂದರೆ ಗುರುತು. 'ಇದು ಇಂಥವರು ಮಾಡಿದ್ದು' ಅಂತ ಗಿರಾಕಿಗೆ ಹೇಳುವ ಗುರುತು. ನಾದಿನಿ ದುಡ್ಡು ಕೊಟ್ಟಾಗ ಚೀಲ ಅವಳದಾಯಿತು, ಅದರ ಮೇಲಿನ ಗುರುತು ಆಗಲಿಲ್ಲ. ಚೀಲವನ್ನು ಅವಳು ಮಾರಬಹುದು, ಯಾರಿಗಾದರೂ ಕೊಡಬಹುದು, ಬೇಕಿದ್ದರೆ ಕತ್ತರಿಸಿ ಗಾಡಿ ಒರೆಸುವ ಬಟ್ಟೆ ಮಾಡಿಕೊಳ್ಳಬಹುದು. ತೊಡಕು ಬರುವುದು ಕತ್ತರಿಸಿದ್ದನ್ನು ಮಾರಲು ಹೊರಟಾಗ.

ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 30(3)ನೇ ಸೆಕ್ಷನ್ ಹೇಳುವುದು ಇಷ್ಟು: ಕಂಪನಿಯವರೇ, ಅಥವಾ ಅವರ ಒಪ್ಪಿಗೆ ಪಡೆದವರು ಮಾರುಕಟ್ಟೆಗೆ ಬಿಟ್ಟ ಮಾಲನ್ನು ನ್ಯಾಯವಾಗಿ ಕೊಂಡವರು ಮತ್ತೆ ಮಾರಿದರೆ ತಪ್ಪಲ್ಲ. ಅದರ ಬೆನ್ನಿಗೇ 30(4) ಇದೆ. ಮಾರುಕಟ್ಟೆಗೆ ಬಂದ ಮೇಲೆ ಮಾಲಿನ ಸ್ಥಿತಿ ಬದಲಾಗಿದ್ದರೆ ಅಥವಾ ಕೆಟ್ಟಿದ್ದರೆ ಕಂಪನಿ ಬೇಡ ಅನ್ನಬಹುದು. ಬದಲಾಯಿಸುವುದೇ ನಮ್ಮ ಕಸುಬು. ಹಾಗಾಗಿ ಕತ್ತರಿ ಇಟ್ಟ ಕ್ಷಣ ಮೊದಲನೆಯ ಸೆಕ್ಷನ್ನಿನ ನೆರಳು ಬಿಟ್ಟು ಎರಡನೆಯದರ ಬಿಸಿಲಿಗೆ ಕಾಲಿಟ್ಟ ಹಾಗೆ.

ಅಮೆರಿಕದಲ್ಲೂ ಹೆಚ್ಚು ಕಮ್ಮಿ ಇದೇ ಲೆಕ್ಕ. ಒಮ್ಮೆ ಮಾರಾಟವಾದದ್ದನ್ನು ಮತ್ತೆ ಮಾರಬಹುದು. ಆದರೆ ಗಿರಾಕಿಗೆ ಮುಖ್ಯ ಅನ್ನಿಸುವಷ್ಟು ವಸ್ತು ಬದಲಾಗಿದ್ದರೆ ಆ ಮಾತು ನಡೆಯುವುದಿಲ್ಲ. ಅಲ್ಲಿ ಕೊಂಡದ್ದನ್ನು ಇಲ್ಲಿ ತಂದು ಮಾರಬಹುದಾ ಅಂತ ನಾದಿನಿ ಕೇಳಿದಳು. 2012ರಲ್ಲಿ ಸ್ಯಾಮ್‌ಸಂಗ್ ಪ್ರಿಂಟರ್‌ಗಳ ಕೇಸಿನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಯಾವ ದೇಶದಲ್ಲಿ ಮೊದಲು ಮಾರಾಟವಾಗಿದ್ದರೂ 30(3) ಅನ್ವಯಿಸುತ್ತದೆ ಅಂದಿತು. ಹೊರಗಿನಿಂದ ತರಿಸಿದ್ದು, ಇಲ್ಲಿನ ಕಂಪನಿಯ ವಾರಂಟಿ ಇಲ್ಲ ಅಂತ ಬರೆದು ತಿಳಿಸಬೇಕು, ಅಷ್ಟೇ.

ಇದ್ದ ಹಾಗೇ ರಿಪೇರಿ ಮಾಡಿ ಮಾರುವುದು

ಚೀಲದ ಮೂಲೆಗೆ ತೇಪೆ, ಹೊಸ ಜಿಪ್, ಒಳಗೆ ಹೊಸ ಲೈನಿಂಗ್. ಚೀಲ ಚೀಲವಾಗಿಯೇ ಉಳಿಯುತ್ತದೆ. ಕೈಕೆಲಸದ ದೃಷ್ಟಿಯಿಂದ ಇದರಲ್ಲಿ ಮಜಾ ಕಮ್ಮಿ, ಕಾನೂನಿನ ದೃಷ್ಟಿಯಿಂದ ನೆಮ್ಮದಿ ಜಾಸ್ತಿ.

ಅಮೆರಿಕದ ಸುಪ್ರೀಂ ಕೋರ್ಟಿನ 1947ರ ಒಂದು ಹಳೇ ತೀರ್ಪು ಇವತ್ತಿಗೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಳಸಿದ ಚಾಂಪಿಯನ್ ಸ್ಪಾರ್ಕ್ ಪ್ಲಗ್‌ಗಳನ್ನು ಒಬ್ಬರು ರಿಪೇರಿ ಮಾಡಿ, ಚಾಂಪಿಯನ್ ಹೆಸರು ಹಾಗೇ ಇಟ್ಟು ಮಾರುತ್ತಿದ್ದರು. ಹೆಸರು ಇರಲಿ, ಆದರೆ 'ರಿಪೇರಿ ಮಾಡಿದ್ದು' ಅಥವಾ 'ಬಳಸಿದ್ದು' ಅಂತ ಪ್ಲಗ್‌ನ ಮೇಲೆ ಎದ್ದು ಕಾಣಬೇಕು ಅಂದಿತು ಕೋರ್ಟು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು: ರಿಪೇರಿ ಅತಿಯಾಗಿ ವಸ್ತು ಬೇರೆಯೇ ಆಗಿಬಿಟ್ಟರೆ, 'ಬಳಸಿದ್ದು' ಅಂತ ಬರೆದರೂ ಹಳೇ ಹೆಸರಿನಿಂದ ಕರೆಯುವುದು ತಪ್ಪಾಗಬಹುದು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು 2024ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಸೀಗೇಟ್ ಹಾರ್ಡ್ ಡಿಸ್ಕ್ ತೀರ್ಪು. ಬಟ್ಟೆಗೂ ಹಾರ್ಡ್ ಡಿಸ್ಕ್‌ಗೂ ಎಲ್ಲಿಂದೆಲ್ಲಿಯ ಸಂಬಂಧ ಅನ್ನಬೇಡಿ. ಹಳೇ ಡಿಸ್ಕ್‌ಗಳ ಮೇಲಿದ್ದ ಕಂಪನಿಯ ಗುರುತು ತೆಗೆದು, ತಮ್ಮ ಲೇಬಲ್ ಹಚ್ಚಿ ಮಾರುತ್ತಿದ್ದರು. ಕೋರ್ಟು ವ್ಯಾಪಾರವನ್ನೇ ನಿಲ್ಲಿಸಲಿಲ್ಲ, ಷರತ್ತು ಹಾಕಿತು. ಮೂಲದಲ್ಲಿ ಯಾರು ಮಾಡಿದ್ದು ಅಂತ ಪ್ಯಾಕೆಟ್ ಮೇಲೆ ಬರೆಯಬೇಕು. ಕಂಪನಿಯ ಹೆಸರನ್ನು ಸಾದಾ ಅಕ್ಷರದಲ್ಲಿ ಬರೆಯಬಹುದು, ಲೋಗೋ ಹಾಕುವಂತಿಲ್ಲ. ಬಳಸಿ ಸರಿಪಡಿಸಿದ ಮಾಲು, ಮೂಲ ಕಂಪನಿಯ ವಾರಂಟಿ ಇಲ್ಲ ಅನ್ನುವುದು ಸ್ಪಷ್ಟವಾಗಿ ಇರಬೇಕು. ಹೆಸರು ಅಕ್ಷರದಲ್ಲಿ ಸರಿ, ಲೋಗೋ ಬೇಡ ಅನ್ನುವ ಈ ಒಂದು ಭೇದ ನನಗೆ ಹತ್ತು ವಿಡಿಯೋ ನೋಡಿದ್ದಕ್ಕಿಂತ ಉಪಯೋಗಕ್ಕೆ ಬಂತು.

ರಿಪೇರಿ ದಾರಿಗೆ ಇರುವ ಒಂದೇ ದೊಡ್ಡ ಅಪಾಯ, ಮಾಲೇ ಡ್ಯೂಪ್ಲಿಕೇಟ್ ಆಗಿರುವುದು. ಆಗ ಮೇಲಿನ ಯಾವ ಸಮಾಧಾನವೂ ಉಳಿಯುವುದಿಲ್ಲ. ಸುಳ್ಳು ಟ್ರೇಡ್‌ಮಾರ್ಕ್ ಇರುವ ಮಾಲು ಮಾರುವುದು ನಮ್ಮಲ್ಲಿ ಕ್ರಿಮಿನಲ್ ಅಪರಾಧ. 6 ತಿಂಗಳಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಬಿಲ್ ಎಲ್ಲಿ ಅಂತ ನಾದಿನಿಯನ್ನು ಕೇಳಿದೆ. ಚೀಲದ್ದು ಇತ್ತು. ಜಾಕೆಟ್ ಅವಳ ಗೆಳತಿ ಕೊಟ್ಟದ್ದು, ಅದಕ್ಕೆ ಬಿಲ್ ಇರಲಿಲ್ಲ.

ಲೋಗೋವನ್ನೇ ಒಡವೆ ಮಾಡುವುದು

ನಾದಿನಿಯ ಕಣ್ಣು ಬಿದ್ದದ್ದು ಇದರ ಮೇಲೆಯೇ. ಜಾಕೆಟ್ಟಿನಲ್ಲಿ ಎಂಟು ಗುಂಡಿ. ಒಂದೊಂದರ ಮೇಲೂ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಇಂಗ್ಲಿಷ್ 'ಸಿ' ಅಕ್ಷರ. ಒಂದು ಕೊಕ್ಕೆ ಹಾಕಿದರೆ ಓಲೆ, ಸರಕ್ಕೆ ಪೋಣಿಸಿದರೆ ಪದಕ. ಹೊಲಿಗೆಯೂ ಬೇಡ, ಅರ್ಧ ಗಂಟೆ ಕೆಲಸ. ಆನ್‌ಲೈನ್‌ನಲ್ಲಿ ಇಂಥವನ್ನು ಮಾರುವವರು ಬೇಕಾದಷ್ಟು ಜನ ಇದ್ದಾರೆ, ಅದೂ ನಿಜ.

2021ರಲ್ಲಿ ಶನೆಲ್ ಕಂಪನಿ ಅಮೆರಿಕದ ಶಿವರ್ ಅಂಡ್ ಡ್ಯೂಕ್ ಎಂಬ ಸಣ್ಣ ಒಡವೆ ಕಂಪನಿಯ ಮೇಲೆ ನ್ಯೂಯಾರ್ಕಿನಲ್ಲಿ ಕೇಸು ಹಾಕಿದ್ದು ಇದಕ್ಕೇ. ಶನೆಲ್ ಗುಂಡಿಗಳಿಂದ ಓಲೆ, ಸರ ಮಾಡಿ ಮಾರುತ್ತಿದ್ದರು. ಶನೆಲ್ ವಾದ ಹೀಗಿತ್ತು: ಇವು ಅಸಲಿ ಗುಂಡಿಗಳೇ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಅಸಲಿಯೇ ಆದರೂ ನಾವು ಮಾರಿದ್ದು ಬಟ್ಟೆಯ ಗುಂಡಿ, ಒಡವೆ ಅಲ್ಲ. ನಾವೂ ಇದೇ ಗುರುತಿನ ಒಡವೆ ಮಾಡುತ್ತೇವೆ, ಕೊಳ್ಳುವವರು ಇದನ್ನೂ ನಮ್ಮದೇ ಅಂದುಕೊಳ್ಳುತ್ತಾರೆ.

ಅದೇ ವರ್ಷ ಲೂಯಿ ವಿಟಾನ್ ಟೆಕ್ಸಾಸ್‌ನಲ್ಲಿ ಸ್ಯಾಂಡ್ರಾ ಲಿಂಗ್ ಡಿಸೈನ್ಸ್ ಎಂಬ ಕಂಪನಿಯ ಮೇಲೆ ಹೋಯಿತು. ಅವರು ಹಳೇ ಅಸಲಿ ಚೀಲಗಳನ್ನೇ ಕತ್ತರಿಸಿ ಬಟ್ಟೆ, ಚೀಲ, ಒಡವೆ ಮಾಡುತ್ತಿದ್ದರು. 2022ರಲ್ಲಿ ಎರಡೂ ಕಡೆಯವರು ಒಪ್ಪಿ ಬಂದ ತೀರ್ಪಿನಲ್ಲಿ ಮೊತ್ತ 6,03,000 ಡಾಲರ್, ಜೊತೆಗೆ ಇನ್ನೆಂದೂ ಮಾಡಬಾರದು ಅನ್ನುವ ಶಾಶ್ವತ ತಡೆ. ನಾದಿನಿಗೆ ಈ ಅಂಕಿ ಹೇಳಿದಾಗ ಅವಳು ಗುಂಡಿಯನ್ನು ಮೆಲ್ಲಗೆ ಟೀಪಾಯಿ ಮೇಲೆ ಇಟ್ಟಳು.

"ಇಲ್ಲೇ ಮಾರಿದ್ರೆ? ಅವರು ಬಟ್ಟೆ ಮಾರೋದು, ನಾವು ಓಲೆ."

ಅದೂ ನಡೆಯುವುದಿಲ್ಲ. ನಮ್ಮ ಕಾಯ್ದೆಯ 29(4) ಇರುವುದೇ ಇದಕ್ಕೆ. ಭಾರತದಲ್ಲಿ ಹೆಸರು ಮಾಡಿದ ಗುರುತಾದರೆ, ಬೇರೆ ಥರದ ಮಾಲಿನ ಮೇಲೆ ಬಳಸಿ ಅದರ ಹೆಸರಿನಿಂದ ಅನ್ಯಾಯವಾಗಿ ಲಾಭ ಮಾಡಿಕೊಂಡರೂ ಉಲ್ಲಂಘನೆಯೇ. ದೇಸಿ ಬ್ರ್ಯಾಂಡ್ ಆದರೆ ಬಿಡುತ್ತಾರೆ ಅನ್ನುವ ಭ್ರಮೆಯೂ ಬೇಡ. ಸಬ್ಯಸಾಚಿಯ ಹುಲಿ ಮುಖದ ಬಕಲ್ ತೆಗೆದು ಪದಕ ಮಾಡಿದರೂ ಕಥೆ ಇದೇ.

ನಾನು ಬಳಸುವ ಪರೀಕ್ಷೆ ಒಂದಿದೆ. ಮಾಡಿದ ವಸ್ತುವಿನ ಲೋಗೋ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ, ಈಗ ಇದಕ್ಕೆ ಎಷ್ಟು ಕೊಡುತ್ತೀರಿ ಅಂತ ಯಾರನ್ನಾದರೂ ಕೇಳುವುದು. ಗುಂಡಿಯ ಓಲೆಯನ್ನು ಹೀಗೆ ಪಕ್ಕದ ಮನೆಯವರಿಗೆ ತೋರಿಸಿದೆ. "ಐವತ್ತು ರೂಪಾಯಿ" ಅಂದರು. ಬೆರಳು ತೆಗೆದರೆ ಎರಡು ಸಾವಿರ. ಆ 1,950 ರೂಪಾಯಿ ನಮ್ಮ ಕೈಕೆಲಸದ್ದಲ್ಲ, ಅಲ್ವಾ?

ಗೆದ್ದವರೂ ಇದ್ದಾರೆ, ಅದನ್ನೂ ಹೇಳಬೇಕು. ಕೊಲರಾಡೋದ ವೋರ್ಟಿಕ್ ಅನ್ನುವ ಸಣ್ಣ ಕಂಪನಿ ಹಳೇ ಹ್ಯಾಮಿಲ್ಟನ್ ಜೇಬು ಗಡಿಯಾರಗಳ ಯಂತ್ರ, ಮುಳ್ಳು, ಡಯಲ್ ತೆಗೆದು ಕೈಗಡಿಯಾರ ಮಾಡುತ್ತದೆ. ಡಯಲ್ ಮೇಲೆ ಹ್ಯಾಮಿಲ್ಟನ್ ಹೆಸರು ಹಾಗೇ ಕಾಣುತ್ತದೆ. ಹ್ಯಾಮಿಲ್ಟನ್ ಕೇಸು ಹಾಕಿತು, 2021ರಲ್ಲಿ ಮೇಲ್ಮನವಿ ಕೋರ್ಟಿನಲ್ಲೂ ಸೋತಿತು. ಹಳೇ ಯಂತ್ರ, ಸರಿಪಡಿಸಿದ್ದು ನಾವು ಅಂತ ಜಾಹೀರಾತಿನಲ್ಲಿ ಪೂರ್ತಿ ಹೇಳಿಕೊಂಡಿದ್ದರು. ವೋರ್ಟಿಕ್ ಹೆಸರು ಗಡಿಯಾರದ ಮೇಲೂ ಇತ್ತು, ಹಿಂದಿನ ಗಾಜಿನಲ್ಲಿ ಹಳೇ ಯಂತ್ರವೂ ಕಾಣುತ್ತಿತ್ತು. ಸಾವಿರಾರು ಡಾಲರ್ ಕೊಡುವ ಗಿರಾಕಿಗಳು ನೋಡಿಯೇ ಕೊಳ್ಳುವವರು. ಯಾರೂ ಮೋಸ ಹೋಗುವ ಹಾಗಿರಲಿಲ್ಲ. ಆದರೆ ಗೆಲ್ಲಲು ನಾಲ್ಕು ವರ್ಷ ಹಿಡಿಯಿತು. ಎರಡು ಸಾವಿರದ ಓಲೆಗೆ ನಾಲ್ಕು ವರ್ಷ ಕೋರ್ಟು ಅಲೆಯುವವರು ಯಾರು?

ಲೋಗೋ ತೆಗೆದು ಬಟ್ಟೆ ಮಾತ್ರ ಬಳಸುವುದು

ನಾನು ಹೊಟ್ಟೆಪಾಡಿಗೆ ಮಾಡುವುದು ಇದನ್ನೇ. ಕೇಳಲು ಸುಲಭ. ಕತ್ತರಿ ಹಿಡಿದಾಗ ಗೊತ್ತಾಗುತ್ತದೆ, ಗುರುತು ಎಲ್ಲೆಲ್ಲಿ ಅಡಗಿದೆ ಅಂತ.

ಲೀವೈಸ್ ಜೀನ್ಸನ್ನೇ ತೆಗೆದುಕೊಳ್ಳಿ. ಸೊಂಟದ ಮೇಲಿನ ಎರಡು ಕುದುರೆಯ ಪಟ್ಟಿ ಎಲ್ಲರಿಗೂ ಗೊತ್ತು, ಅದನ್ನು ಕಿತ್ತು ಹಾಕುತ್ತಾರೆ. ಬಲಗಡೆಯ ಹಿಂದಿನ ಜೇಬಿನ ಅಂಚಿನಲ್ಲಿ ಉಗುರಿನಷ್ಟು ಕೆಂಪು ಪಟ್ಟಿ ಇರುತ್ತದೆ. 1936ರಿಂದ ಇದೆ. ಅದೂ ಟ್ರೇಡ್‌ಮಾರ್ಕ್. ಕೆಲವು ಪಟ್ಟಿಗಳ ಮೇಲೆ ಕಂಪನಿಯ ಹೆಸರೇ ಇರುವುದಿಲ್ಲ, ವೃತ್ತದೊಳಗಿನ 'ಆರ್' ಒಂದೇ ಇರುತ್ತದೆ. ಹೆಸರಿಲ್ಲದಿದ್ದರೂ ಆ ಪಟ್ಟಿಯೇ ಗುರುತು ಅಂತ ಸಾಧಿಸುವುದಕ್ಕೆ. ಪಟ್ಟಿಯನ್ನು ಜೇಬಿನ ಹೊಲಿಗೆಯೊಳಗೇ ಮಡಚಿ ಕೂರಿಸಿರುತ್ತಾರೆ. ಎಳೆದರೆ ಬರುವುದಿಲ್ಲ, ಕತ್ತರಿಸಿದರೆ ಕೆಂಪು ದಾರ ಇಣುಕುತ್ತಲೇ ಇರುತ್ತದೆ. ಅಷ್ಟುದ್ದ ಹೊಲಿಗೆ ಬಿಚ್ಚಿಯೇ ತೆಗೆಯಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಹಿಂದಿನ ಜೇಬಿನ ಮೇಲೆ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಎರಡು ಕಮಾನಿನ ಜೋಡಿ ಹೊಲಿಗೆ ಇದೆಯಲ್ಲ, ಅದೂ ಅವರದೇ. ಅಮೆರಿಕದಲ್ಲಿ 1943ರಲ್ಲೇ ನೋಂದಣಿಯಾದ ಗುರುತು. ಸುಮ್ನೆ ಅಲಂಕಾರ ಅಂದುಕೊಂಡು ನಾನು ಆ ಏಳು ಪೌಚ್‌ಗಳಲ್ಲಿ ಅದನ್ನೇ ಮುಂದುಗಡೆ ಇಟ್ಟಿದ್ದೆ! ಈಗ ಬ್ಲೇಡಿನ ತುದಿಯಲ್ಲಿ ಒಂದೊಂದೇ ಎಳೆ ಬಿಚ್ಚುತ್ತೇನೆ. ಬಿಚ್ಚಿದ ಮೇಲೂ ಕಮಾನು ಹೋಗುವುದಿಲ್ಲ. ಸುತ್ತಲ ಬಟ್ಟೆ ಒಗೆದು ಒಗೆದು ಮಾಸಿರುತ್ತದೆ, ದಾರದ ಅಡಿಯಲ್ಲಿದ್ದ ಗೆರೆ ಮಾತ್ರ ಹೊಸ ನೀಲಿಯಾಗಿ ಉಳಿದಿರುತ್ತದೆ. ಅದರ ಮೇಲೆ ಹಳೇ ಸೀರೆಯ ತುಂಡಿಟ್ಟು, ಉತ್ತರ ಕರ್ನಾಟಕದ ಕೌದಿಯಂತೆ ಸಣ್ಣ ಸಣ್ಣ ಓಟದ ಹೊಲಿಗೆ ಹಾಕುತ್ತೇನೆ. ಗುರುತು ಮುಚ್ಚಲು ಶುರು ಮಾಡಿದ್ದು ಈಗ ನನ್ನ ಪೌಚಿನ ಚಹರೆಯೇ ಆಗಿದೆ. ಗಿರಾಕಿಗಳು ಅದನ್ನೇ ಕೇಳಿಕೊಂಡು ಬರುತ್ತಾರೆ.

ಲೂಯಿ ವಿಟಾನ್ ಚೀಲಕ್ಕೆ ಈ ದಾರಿ ಮುಚ್ಚಿದೆ ಅಂತಲೇ ಅನ್ನಬೇಕು. ಆ ಹೂವು, ಅಕ್ಷರಗಳ ವಿನ್ಯಾಸವನ್ನು 1896ರಲ್ಲಿ ತಂದದ್ದೇ ನಕಲಿ ಮಾಡುವವರನ್ನು ತಡೆಯಲು. ಅಂಗೈಯಗಲದ ತುಂಡು ತೆಗೆದರೂ ಗುರುತು ಬರುತ್ತದೆ. ಅಂದಹಾಗೆ ಅದು ಚರ್ಮವೂ ಅಲ್ಲ, ಮೇಲೆ ಲೇಪ ಬಳಿದ ಕ್ಯಾನ್ವಾಸ್. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಹಿಡಿಕೆಯ ಬಿಳಿಚು ಚರ್ಮ ಮಾತ್ರ ಸಾದಾ. ಅಚ್ಚು ಒತ್ತಿದ ಜಾಗ ಬಿಟ್ಟರೆ ಎರಡು ಕೀಲಿ ಪಟ್ಟಿ ಆಗಬಹುದು. ಬರ್ಬೆರಿಯ ಚೌಕಳಿಯೂ ಹೀಗೆಯೇ, ಬಟ್ಟೆಯೇ ಗುರುತು. ವಿಶೇಷ ಚಿತ್ರವಿರುವ ಸ್ಕಾರ್ಫ್ ಆದರೆ ಕಾಪಿರೈಟ್ ಪ್ರಶ್ನೆಯೂ ಸೇರಿಕೊಳ್ಳಬಹುದು.

ಶನೆಲ್ ಜಾಕೆಟ್ ನಮಗೆ ಅಚ್ಚರಿ ತಂದಿತು. ಗುಂಡಿ, ಕೊರಳಪಟ್ಟಿಯ ಲೇಬಲ್ ತೆಗೆದ ಮೇಲೆ ಉಳಿದದ್ದು ಒಳ್ಳೆಯ ಉಣ್ಣೆ ಟ್ವೀಡ್, ಅಷ್ಟೇ. ಒಳಗಡೆ ಅಂಚಿನುದ್ದಕ್ಕೂ ಸಣ್ಣ ಲೋಹದ ಸರಪಳಿ ಹೊಲಿದಿದ್ದರು, ಜಾಕೆಟ್ ಮೈಮೇಲೆ ನೆಟ್ಟಗೆ ಕೂರಲಿ ಅಂತ. ನೆರಿಗೆ ನಿಲ್ಲಲು ನಾವು ಸೀರೆಗೆ ಫಾಲ್ ಹಚ್ಚುವುದಿಲ್ಲವೇ, ಅದೇ ಬುದ್ಧಿ. ಆ ಟ್ವೀಡಿನಿಂದ ಎರಡು ಕನ್ನಡಕದ ಚೀಲ ಮಾಡಿದೆ. ಮೇಲೆ ನನ್ನ ಲೇಬಲ್. 'ಹಳೇ ಉಣ್ಣೆ ಜಾಕೆಟ್ಟಿನಿಂದ' ಅಂತ ಬರೆದೆ. ಅದಕ್ಕಿಂತ ಒಂದಕ್ಷರ ಹೆಚ್ಚು ಬರೆಯಲಿಲ್ಲ. ಬಿಲ್ ಇಲ್ಲದ ಜಾಕೆಟ್ಟನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಗಿರಾಕಿಯ ಚೀಲ, ನಮ್ಮ ಕೂಲಿ

"ನನ್ನ ಹಳೇ ಚೀಲ ತಂದುಕೊಡ್ತೀನಿ, ಸಣ್ಣ ಪರ್ಸ್ ಮಾಡಿಕೊಡಿ" ಅಂತ ಕೇಳುವವರಿದ್ದಾರೆ. ವಸ್ತು ಅವರದು, ಬಳಸುವವರೂ ಅವರೇ, ನಾವು ಮಾರಿದ್ದು ಬರೀ ಹೊಲಿಗೆ. ಇದರಲ್ಲಿ ಏನು ತಪ್ಪು ಅಂತ ನನಗೂ ಅನ್ನಿಸಿತ್ತು.

ದಕ್ಷಿಣ ಕೊರಿಯಾದಲ್ಲಿ ಒಬ್ಬ ರಿಪೇರಿಯವರು 2017ರಿಂದ 2021ರವರೆಗೆ ಇದನ್ನೇ ಮಾಡಿದರು. ಗಿರಾಕಿಗಳು ತಂದ ಲೂಯಿ ವಿಟಾನ್ ಚೀಲ ಬಿಚ್ಚಿ, ಬೇರೆ ಅಳತೆಯ ಚೀಲ, ಪರ್ಸ್ ಹೊಲಿದು ಕೊಟ್ಟರು. ಕೂಲಿ 1 ಲಕ್ಷದಿಂದ 7 ಲಕ್ಷ ವೊನ್. ಕಂಪನಿ ಕೇಸು ಹಾಕಿತು. 2023ರಲ್ಲಿ ಕೆಳಗಿನ ಕೋರ್ಟು 1.5 ಕೋಟಿ ವೊನ್ ಕೊಡಿ ಅಂದಿತು, 2024ರಲ್ಲಿ ಅಲ್ಲಿನ ಪೇಟೆಂಟ್ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಆ ಪರ್ಸ್ ನಾಳೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಹೋದರೆ ಮೂರನೆಯವರು ಕಂಪನಿಯೇ ಮಾಡಿದ್ದು ಅಂದುಕೊಳ್ಳುತ್ತಾರೆ ಅನ್ನುವುದು ವಾದ. ಆಮೇಲೆ ಕೇಸು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ನನಗೆ ಕಂಡದ್ದು ಸೋಲು ಗೆಲುವಿಗಿಂತ ಆ ವರ್ಷಗಳು. ಸೂಜಿ ದಾರದವರು ಅಷ್ಟು ವರ್ಷ ಕೋರ್ಟಿನಲ್ಲಿ!

ಕೊರಿಯಾದ ತೀರ್ಪು ನಮ್ಮನ್ನು ಕಟ್ಟುವುದಿಲ್ಲ. ಆದರೂ ನಾನು ಮಾಡುವುದು ಹೀಗೆ: ಜಿಪ್, ಲೈನಿಂಗ್, ಹಿಡಿಕೆಯ ರಿಪೇರಿ ಯಾರದಾದರೂ ಸರಿ. ಬಿಚ್ಚಿ ಹೊಸ ರೂಪ ಕೊಡುವುದು ಪರಿಚಯದವರಿಗೆ ಮಾತ್ರ, ಅದೂ ಅವರದೇ ಬಳಕೆಗೆ. ಒಳಗೆ ನನ್ನ ಲೇಬಲ್ ಹಚ್ಚುತ್ತೇನೆ. ಅದರ ಫೋಟೋವನ್ನು ನನ್ನ ಪೇಜಿಗೆ ಹಾಕುವುದಿಲ್ಲ.

ಸರ್‌ಪ್ಲಸ್ ಮಾಲು

ಬೆಂಗಳೂರಿನಲ್ಲಿ ಎಕ್ಸ್‌ಪೋರ್ಟ್ ಸರ್‌ಪ್ಲಸ್, ಅಂದರೆ ರಫ್ತಿಗೆ ಅಂತ ಹೊಲಿದು ಉಳಿದ ಮಾಲು, ಅಗ್ಗವಾಗಿ ಸಿಗುತ್ತದೆ, ಲೇಬಲ್ ಸಮೇತವೂ ಸಿಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. 30(3) ರಕ್ಷಿಸುವುದು ಕಂಪನಿಯ ಒಪ್ಪಿಗೆಯಿಂದ ಮಾರುಕಟ್ಟೆಗೆ ಬಂದ ಮಾಲನ್ನು. ಫ್ಯಾಕ್ಟರಿಯಲ್ಲಿ ರಿಜೆಕ್ಟ್ ಆಗಿ, ಬ್ರ್ಯಾಂಡಿಗೆ ಗೊತ್ತಿಲ್ಲದೆ ಹೊರಬಂದ ಶರ್ಟ್ ಒಮ್ಮೆಯೂ ಹಾಗೆ 'ಬಂದೇ' ಇಲ್ಲ. ನನ್ನ ನಾದಿನಿ ಅಂಗಡಿಯಲ್ಲಿ ಕೊಂಡು ಹತ್ತು ವರ್ಷ ತೊಟ್ಟ ಜೀನ್ಸ್‌ಗಿಂತ, ಮಡಿಕೆ ಮುರಿಯದ ಈ ಹೊಸ ಶರ್ಟಿನ ಕಾನೂನು ಸ್ಥಿತಿಯೇ ದುರ್ಬಲ. ಲೇಬಲ್ ಕತ್ತರಿಸಿದ್ದನ್ನು, ಇಲ್ಲವೇ ಥಾನಿನ ಕೊನೆಯಲ್ಲಿ ಉಳಿದ ಸಾದಾ ಬಟ್ಟೆಯನ್ನು ಬಿಲ್ ಪಡೆದು ಕೊಳ್ಳಿ.

ಮೈಸೂರು ರೇಷ್ಮೆಯ ಲೆಕ್ಕವೇ ಬೇರೆ

ಅತ್ತೆಯ ಸೀರೆಗೆ ಬಂದೆವು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆ 1980ರಿಂದ ಸರ್ಕಾರಿ ಕಂಪನಿ ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಕೈಯಲ್ಲಿದೆ. 'ಮೈಸೂರು ರೇಷ್ಮೆ'ಗೆ ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದೇ ಅಂತ ಹೇಳುವ ಭೌಗೋಳಿಕ ಗುರುತು ಇದೆ. ಹಾಗಾದರೆ ಇದನ್ನು ಮುಟ್ಟುವುದೂ ಕಷ್ಟವೇ?

ಉಲ್ಟಾ. ಜಿಐ ಕಾಯ್ದೆಯ 22(4)ನೇ ಸೆಕ್ಷನ್ ಓದಿ ನನಗೆ ಖುಷಿಯಾಯಿತು. ನ್ಯಾಯವಾಗಿ ಕೊಂಡ ಜಿಐ ಮಾಲನ್ನು ಮುಂದೆ ಮಾರುವುದು, ಸಂಸ್ಕರಿಸುವುದು, ಪ್ಯಾಕ್ ಮಾಡುವುದು ಉಲ್ಲಂಘನೆ ಅಲ್ಲ. ಮಾರುಕಟ್ಟೆಗೆ ಬಂದ ಮೇಲೆ ಮಾಲು ಕೆಟ್ಟಿದ್ದರೆ ಮಾತ್ರ ತಕರಾರು. ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ 'ಬದಲಾಗಿದ್ದರೆ ಅಥವಾ ಕೆಟ್ಟಿದ್ದರೆ' ಅಂತಿದೆ. ಇಲ್ಲಿ 'ಬದಲಾಗಿದ್ದರೆ' ಅನ್ನುವ ಮಾತೇ ಇಲ್ಲ! ಎರಡೂ 1999ರ ಕಾಯ್ದೆಗಳೇ. ಒಂದು ಪದ ಇದೆ, ಇಲ್ಲ ಅನ್ನುವುದರಲ್ಲಿ ನಮ್ಮಂಥವರ ಬದುಕು ಎಷ್ಟು ಹಗುರವಾಗುತ್ತದೆ ನೋಡಿ.

ಸೀರೆಯಿಂದ ನಾನು ಮಾಡುವುದು ಕ್ಲಚ್, ಅಂದರೆ ಕೈಯಲ್ಲಿ ಹಿಡಿಯುವ ಸಣ್ಣ ಪರ್ಸ್. ಹಾಗಂತ 'ಮೈಸೂರು ರೇಷ್ಮೆ ಕ್ಲಚ್' ಅಂತ ಸುಮ್ಮನೆ ಬರೆಯುವುದಿಲ್ಲ. 'ಹಳೇ ಮೈಸೂರು ರೇಷ್ಮೆ ಸೀರೆಯಿಂದ ಮಾಡಿದ ಕ್ಲಚ್' ಅಂತ ಬರೆಯುತ್ತೇನೆ. ಕೆಎಸ್‌ಐಸಿ ಹೆಸರು, ಲಾಂಛನ ಬಳಸುವುದಿಲ್ಲ, ಅದು ಟ್ರೇಡ್‌ಮಾರ್ಕಿನ ಲೆಕ್ಕಕ್ಕೆ ಬರುತ್ತದೆ. ಅಸಲಿ ಸೀರೆಗೆ ಕೋಡ್ ನಂಬರ್ ಇರುತ್ತದೆ. ಕತ್ತರಿಸುವ ಮೊದಲು ಸೀರೆ ಪೂರ್ತಿ ಹರಡಿ, ಆ ನಂಬರ್ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ಯಾವುದೋ ಮಗ್ಗದ ಕ್ರೇಪ್ ತುಂಡಿಗೆ ಮೈಸೂರು ರೇಷ್ಮೆ ಅನ್ನುವುದು ಶುದ್ಧ ಮೋಸ. ಸವೆದು ಸೀಳಿದ ಮಡಿಕೆಯ ಭಾಗ ಬಿಟ್ಟು ಗಟ್ಟಿ ಜಾಗವನ್ನೇ ಬಳಸಿ. ಕಾನೂನೂ ಅದನ್ನೇ ಹೇಳುತ್ತದೆ, ಕ್ಲಚ್ ಬಾಳಿಕೆ ಬರುವುದೂ ಹಾಗೆಯೇ. ಇನ್ನೊಂದು ಮಾತು: ಹಳೇ ಜರಿ ಸೀರೆ ಕೊಳ್ಳುವವರು ಬೀದಿಗೆ ಬಂದು ತೂಕದ ಮೇಲೆ ಬೆಲೆ ಕಟ್ಟುತ್ತಾರೆ. ಅವರಿಗೆ ಬೇಕಿರುವುದು ಜರಿಯೊಳಗಿನ ಬೆಳ್ಳಿ. ಅಂಚಿನ ಜರಿಯಷ್ಟನ್ನು ನೀವೇ ನಾಲ್ಕು ಕ್ಲಚ್‌ಗೆ ಹಂಚಿದರೆ ಬರುವ ದುಡ್ಡಿನ ಮುಂದೆ ಅವರು ಕೊಡುವುದು ಏನೂ ಅಲ್ಲ.

ಹೆಸರು ಎಲ್ಲಿ, ಎಷ್ಟು ದಪ್ಪಕ್ಕೆ

ಒಂದೇ ವಸ್ತು, ಬರೆಯುವ ರೀತಿ ಬದಲಾದರೆ ಅಪಾಯವೂ ಬದಲಾಗುತ್ತದೆ. 1924ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಪುಡಿ, ಸುಗಂಧದ ಒಂದು ಕೇಸು ಬಂತು. ಪ್ರೆಸ್ಟೊನೆಟ್ಸ್ ಅನ್ನುವವರು ಕೋಟಿ ಕಂಪನಿಯ ಅಸಲಿ ಮಾಲು ಕೊಂಡು, ತಮ್ಮ ಡಬ್ಬಿ, ಬಾಟಲಿಗೆ ತುಂಬಿ ಮಾರುತ್ತಿದ್ದರು. ನಮಗೂ ಕೋಟಿಗೂ ಸಂಬಂಧವಿಲ್ಲ, ಒಳಗಿರುವುದು ಕೋಟಿಯದು, ತುಂಬಿದ್ದು ನಾವು ಅಂತ ಲೇಬಲ್‌ನಲ್ಲಿ ಬರೆಯಬಹುದು ಅಂತಾಯಿತು. ಷರತ್ತು ಒಂದೇ: 'ಕೋಟಿ' ಅನ್ನುವ ಪದ ಉಳಿದ ಪದಗಳ ಅಳತೆಗೇ, ಬಣ್ಣಕ್ಕೇ ಇರಬೇಕು. ನೂರು ವರ್ಷದ ಹಿಂದಿನ ಈ ಅಳತೆ ಇವತ್ತಿನ ಆನ್‌ಲೈನ್ ಪುಟಕ್ಕೂ ಸರಿಯಾಗಿ ಹೊಂದುತ್ತದೆ.

ಆದ್ದರಿಂದ ವಸ್ತುವಿನ ಹೆಸರಿನಲ್ಲಿ, ಅಂಗಡಿಯ ಹೆಸರಿನಲ್ಲಿ, ಹ್ಯಾಶ್‌ಟ್ಯಾಗಿನಲ್ಲಿ, ಫೋಟೋದ ನಡುವೆ ಬ್ರ್ಯಾಂಡ್ ಬೇಡ. ಬಟ್ಟೆಯ ಮೂಲ ಹೇಳಲೇಬೇಕಾದರೆ ಕೆಳಗಿನ ವಿವರಣೆಯಲ್ಲಿ, ಸಾದಾ ಅಕ್ಷರದಲ್ಲಿ, ಒಮ್ಮೆ ಮಾತ್ರ. ನಾನು ಬರೆಯುವ ಸಾಲು ಇದು: "ಬಳಸಿದ ಡೆನಿಮ್ ಬಟ್ಟೆಯಿಂದ ಮೈಸೂರಿನಲ್ಲಿ ಕೈಯಲ್ಲಿ ಹೊಲಿದದ್ದು. ಬಟ್ಟೆ ತಯಾರಿಸಿದ ಕಂಪನಿಗೂ ನಮಗೂ ಸಂಬಂಧವಿಲ್ಲ." ಈ ಸಾಲು ಇದ್ದರೆ ಏನು ಬೇಕಾದರೂ ಮಾಡಬಹುದು ಅಂತ ತಿಳಿಯಬೇಡಿ. ಲೋಗೋವನ್ನು ಎದೆಯ ಮೇಲೆ ಹೊತ್ತು ಕೆಳಗೆ 'ಸಂಬಂಧವಿಲ್ಲ' ಅಂದರೆ ಯಾರೂ ಕೇಳುವುದಿಲ್ಲ. ಚೀಲದ ಒಳಗೆ ಹೊಲಿದ ಲೇಬಲ್ ಚೀಲದ ಜೊತೆಗೇ ಇರುತ್ತದೆ, ವೆಬ್ ಪುಟದ ಸಾಲು ಎರಡನೇ ಗಿರಾಕಿಯ ತನಕ ಹೋಗುವುದಿಲ್ಲ. ಅದಕ್ಕೇ ಎರಡೂ ಕಡೆ ಬರೆಯುತ್ತೇನೆ.

ದಾರಿ ತಪ್ಪಿದರೆ ಖರ್ಚು ಏನು ಅಂತಲೂ ತೂಗಿ ನೋಡಿ. ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಕಂಪನಿ ತಾನು ವ್ಯವಹಾರ ನಡೆಸುವ ಊರಿನಲ್ಲೇ ಕೇಸು ಹಾಕಬಹುದು. ದೊಡ್ಡ ಬ್ರ್ಯಾಂಡ್‌ಗಳು ಹೆಚ್ಚಾಗಿ ದೆಹಲಿ ಹೈಕೋರ್ಟಿಗೆ ಹೋಗುತ್ತವೆ. ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಹೊಲಿಯುವವರು ದೆಹಲಿಗೆ ವಕೀಲರನ್ನು ಹುಡುಕಬೇಕು. ಸೋತರೆ ಪರಿಹಾರ ಅಥವಾ ಬಂದ ಲಾಭ ಕೊಡಬೇಕು, ಮಾಲನ್ನೂ ಒಪ್ಪಿಸಬೇಕಾಗಬಹುದು.

ಅದರ ಬದಲು 4,500 ರೂಪಾಯಿ ಖರ್ಚು ಮಾಡಿ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಒಂದು ವರ್ಗದಲ್ಲಿ ಆನ್‌ಲೈನ್ ಆಗಿ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಲು ಸರ್ಕಾರಿ ಶುಲ್ಕ ಅಷ್ಟೇ. ಚೀಲ, ಪರ್ಸ್‌ಗೆ 18ನೇ ವರ್ಗ, ಒಡವೆಗೆ 14, ಬಟ್ಟೆಗೆ 25. ಸಿಕ್ಕಿದರೆ ಹತ್ತು ವರ್ಷ ನಿಮ್ಮದು, ಆಮೇಲೆ ನವೀಕರಿಸಬಹುದು. ದೊಡ್ಡ ಬ್ರ್ಯಾಂಡಿನ ಹೆಸರನ್ನು ತಿರುಚಿ ತಮಾಷೆ ಹೆಸರು ಇಡಬೇಡಿ, ನಗುವುದು ಗಿರಾಕಿ ಮಾತ್ರ.

ನಾದಿನಿ ವಾಪಸ್ ಹೊರಟಾಗ ಸೂಟ್‌ಕೇಸಿನಲ್ಲಿ ಹದಿನಾಲ್ಕು ಡೆನಿಮ್ ಪೌಚ್, ಎರಡು ಕನ್ನಡಕದ ಚೀಲ, ರೇಷ್ಮೆಯ ಒಂಬತ್ತು ಕ್ಲಚ್ ಇದ್ದವು. ಲೂಯಿ ವಿಟಾನ್ ಚೀಲಕ್ಕೆ ಹೊಸ ಲೈನಿಂಗ್ ಹಾಕಿಕೊಟ್ಟೆ. ಅದನ್ನು ಮಾರುವ ಯೋಚನೆ ಬಿಟ್ಟು ಹೆಗಲಿಗೇ ಹಾಕಿಕೊಂಡಳು. ಗುಂಡಿಗಳು ನನ್ನ ಬಿಸ್ಕತ್ ಡಬ್ಬಿಯಲ್ಲಿ ಉಳಿದವು. ಹೋದ ವಾರ ವಾಟ್ಸ್ಆ್ಯಪ್‌ನಲ್ಲಿ ಬರೆದಿದ್ದಾಳೆ: "ಅತ್ತಿಗೆ, ಕ್ಲಚ್ ಎಲ್ಲಾ ಖಾಲಿ. ಆ ಗುಂಡಿ ಎರಡು ನಂಗೇ ಓಲೆ ಮಾಡಿಟ್ಟಿರಿ. ಮಾರಲ್ಲ, ಆಣೆ."